ಮನೇಲಿ ಕಟ್ಟಿದ ಸ್ಪೋರ್ಟ್ಸ್ ಕಾರಿಗೆ ಯಾವ ಕ್ರೌನ್ ಪಿನಿಯನ್: 3.91, 4.11, 5.12 ಮೂರೂ ಹಾಕಿ ಓಡಿಸಿದ್ಮೇಲೆ

ಚಿಕ್ಕಬಳ್ಳಾಪುರದಲ್ಲಿ ನಾವು ಫ್ರೆಂಡ್ಸ್ ಸೇರಿ ಕಟ್ಟಿರೋದು ಲೋಟಸ್ ಸೆವೆನ್ ಥರದ ಎರಡು ಸೀಟಿನ ಓಪನ್ ಕಾರು. ಚೌಕ ಪೈಪಿನ ಛಾಸಿ, ಮಾರುತಿ ಜಿಪ್ಸಿಯ 1.3 ಲೀಟರ್ ಎಂಪಿಎಫ್‌ಐ ಇಂಜಿನ್ನು, ಅದರದ್ದೇ ಐದು ಗೇರಿನ ಬಾಕ್ಸು, ಅದರದ್ದೇ ಹಿಂದಿನ ಆಕ್ಸಲ್ಲು. ಕ್ರೌನ್ ಪಿನಿಯನ್ ಅಂದ್ರೆ ಆ ಆಕ್ಸಲ್ ಒಳಗಿನ ಹಲ್ಲುಚಕ್ರದ ಜೋಡಿ; 3.91 ಅಂದ್ರೆ ಹಿಂದಿನ ಚಕ್ರ ಒಂದು ಸುತ್ತು ಸುತ್ತೋಕೆ ಗೇರ್‌ಬಾಕ್ಸಿಂದ ಬರೋ ಶಾಫ್ಟು 3.91 ಸುತ್ತು ಸುತ್ಬೇಕು. 6000 ಆರ್‌ಪಿಎಂನಲ್ಲಿ 80 ಬಿಎಚ್‌ಪಿ, 4500ರಲ್ಲಿ 103 ಎನ್‌ಎಂ ಟಾರ್ಕು.

ಜಿಪ್ಸಿಲಿ ಓಡ್ತಿದ್ದ ಆಕ್ಸಲ್ ತಾನೇ, ಗಾಡಿ ಬೇರೆ ಹಗುರ, ಹಂಗೇ ಇಟ್ಕೊಳ್ಳಿ ಅಂತ ಕೇಳಿದವ್ರೆಲ್ಲ ಹೇಳಿದ್ರು, ಆದ್ರೆ ಟ್ರಾನ್ಸ್‌ಫರ್ ಕೇಸ್ ವಿಷಯ ಯಾರೂ ಎತ್ತಲ್ಲ. ಜಿಪ್ಸಿಲಿ ಗೇರ್‌ಬಾಕ್ಸಿಗೂ ಆಕ್ಸಲ್‌ಗೂ ನಡುವೆ, ಮುಂದಿನ ಹಿಂದಿನ ಚಕ್ರಗಳಿಗೆ ಪವರ್ ಹಂಚೋ ಈ ಪೆಟ್ಟಿಗೆ ಬೇರೆಯಾಗಿ ಕೂತಿರತ್ತೆ, ಮಾಮೂಲಿ ರಸ್ತೆಗೆ ಬಳಸೋ ಹೈ ರೇಂಜಲ್ಲೂ 1.409 ರಿಡಕ್ಷನ್ ಕೊಡತ್ತೆ, ಅಂದ್ರೆ ಸುತ್ತು ಅಷ್ಟು ಪಟ್ಟು ಕಮ್ಮಿ, ಎಳೆತ ಅಷ್ಟು ಪಟ್ಟು ಜಾಸ್ತಿ. ಟೂ ವೀಲ್ ಡ್ರೈವ್ ಮಾಡ್ಬೇಕು ಅಂತ ಅದನ್ನ ತೆಗೆದ ತಕ್ಷಣ ಅಷ್ಟೂ ಹೋಯ್ತು, ಜೊತೆಗೆ ಸ್ಪೀಡೋಮೀಟರ್ ಕೇಬಲ್ ಕೂಡ, ಯಾಕಂದ್ರೆ ಅದು ಬರೋದೂ ಅಲ್ಲಿಂದಾನೇ, ಹಂಗಾಗಿ ಸ್ಪೀಡೆಲ್ಲ ಜಿಪಿಎಸ್‌ನಲ್ಲಿ ನೋಡಿದ್ದು. ಟೈರ್ ಸಣ್ಣದಾಗಿದ್ದಕ್ಕೆ ಸ್ವಲ್ಪ ವಾಪಸ್ ಸಿಗತ್ತೆ: ನಮ್ಮದು 195/50 ಆರ್15, ವ್ಯಾಸ 576 ಮಿಮೀ, ಜಿಪ್ಸಿಯ 205/70 ಆರ್15 ಆದ್ರೆ 668. ಎಲ್ಲ ಗುಣಿಸಿ ಭಾಗಿಸಿದ್ರೆ 3.91 ಇಟ್ಕೊಂಡ ಕಾರಿನ ಗೇರಿಂಗು ಜಿಪ್ಸಿಗಿಂತ ಉದ್ದ, ಅಂದ್ರೆ ಅದೇ ಸ್ಪೀಡಿಗೆ ಆರ್‌ಪಿಎಂ ಶೇ 18ರಷ್ಟು ಕಮ್ಮಿ, 5.12 ಹಾಕಿದ್ರೆ ಸ್ವಲ್ಪ ಗಿಡ್ಡ, ಆರ್‌ಪಿಎಂ ಬರೀ ಶೇ 8ರಷ್ಟು ಜಾಸ್ತಿ. ಕೇಳೋಕೆ ಭಯಂಕರ ಅನ್ಸೋ 5.12 ನಿಜಕ್ಕೂ ಅಷ್ಟೇನೂ ವಿಪರೀತ ಅಲ್ಲ.

3.91 ಅಂದ್ರೆ 43/11 ಹಲ್ಲು, ಆಕ್ಸಲ್ ಜೊತೆಗೇ ಬಂದಿದ್ದು. 4.11 ಅಂದ್ರೆ 37/9, ಹಳೇ 1 ಲೀಟರ್ ಜಿಪ್ಸಿದು. 5.12 ಅಂದ್ರೆ 41/8, ದೊಡ್ಡ ಟೈರ್ ಹಾಕೋ ಆಫ್‌ರೋಡ್ ಹುಡುಗರ ಹತ್ರ ಸಿಕ್ತು. ಈ ಆಕ್ಸಲ್‌ನಲ್ಲಿ ಕ್ರೌನ್ ಪಿನಿಯನ್ ಕೂತಿರೋ ಡಿಫರೆನ್ಶಿಯಲ್ ಇಡಿಯಾಗಿ ಮುಂದಿನಿಂದ ಆಚೆ ಬರತ್ತೆ, ಶಿಮ್ (ತೆಳು ಬಿಲ್ಲೆ) ಹಾಕಿ ಬ್ಯಾಕ್‌ಲ್ಯಾಷ್ (ಹಲ್ಲುಗಳ ನಡುವಿನ ಸಡಿಲ) ಟೇಬಲ್ ಮೇಲೇ ಸೆಟ್ ಮಾಡಿ ಇಟ್ಕೊಂಡ್ರೆ ಬದಲಾಯಿಸೋದು ಕಷ್ಟ ಇಲ್ಲ. ರಿಜಿಸ್ಟ್ರೇಷನ್ ಇಲ್ಲದ ಕಾರು, ಹೈದರಾಬಾದ್ ಹೈವೇಗಾಗ್ಲಿ ನಂದಿ ಬೆಟ್ಟದ ರಸ್ತೆಗಾಗ್ಲಿ ಇಳಿಸಿಲ್ಲ. ಪರಿಚಯದವ್ರ ಲೇಔಟಿನ ಖಾಲಿ ರಸ್ತೆ, ಒಬ್ಬ ಫ್ರೆಂಡಿನ ದ್ರಾಕ್ಷಿ ತೋಟಕ್ಕೆ ಹೋಗೋ ಏರು, ಆಮೇಲೆ ಲಾರಿಲಿ ಹಾಕ್ಕೊಂಡು ಶ್ರೀಪೆರಂಬುದೂರು ಹತ್ರದ ಇರುಂಗಾಟುಕೋಟೈ ಟ್ರ್ಯಾಕು, ಇಷ್ಟೇ.

4.11 ಬಗ್ಗೆ ಜಾಸ್ತಿ ಹೇಳೋದೇನಿಲ್ಲ. 3.91ಗೂ ಅದಕ್ಕೂ ಶೇ 5ರ ವ್ಯತ್ಯಾಸ, ಸೀಟಲ್ಲಿ ಕೂತವನಿಗೆ ಗೊತ್ತೇ ಆಗಲ್ಲ, ಅದಕ್ಕೋಸ್ಕರ ಡಿಫರೆನ್ಶಿಯಲ್ ಬಿಚ್ಚೋದು ಬೇಡ.

3.91 ಲೇಔಟ್ ರಸ್ತೇಲಿ ತುಂಬ ಹಿತ. ಐದನೇ ಗೇರಲ್ಲಿ 100 ಕಿಮೀಗೆ 2860 ಆರ್‌ಪಿಎಂ ಅಷ್ಟೇ, ಇಂಜಿನ್ ಆರಾಮಾಗಿರತ್ತೆ. ತೊಂದ್ರೆ ತೋಟದ ಏರಿನಲ್ಲಿ. ಈ ಗೇರ್‌ಬಾಕ್ಸಲ್ಲಿ ಫಸ್ಟು 3.652, ಸೆಕೆಂಡು 1.947, ನಡುವೆ ದೊಡ್ಡ ಗ್ಯಾಪು. ತಿರುವು ಮುಗಿಸಿ 45ರಲ್ಲಿ ಹೊರಗೆ ಬರ್ತೀವಿ ಅಂದ್ಕೊಳ್ಳಿ, ಫಸ್ಟಲ್ಲಿದ್ರೆ ಆಗ್ಲೇ ಹತ್ರ ಹತ್ರ 6000, ಸೆಕೆಂಡಿಗೆ ಹಾಕಿದ್ರೆ 3150ಕ್ಕೆ ಬಿದ್ದು ಬೆಟ್ಟ ಹತ್ತೋ ಎತ್ತಿನ ಥರ ಏದುಸಿರು. ನಮ್ಮೂರು ಬೇರೆ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಟರ್ಬೋ ಇಲ್ಲದ ಇಂಜಿನ್ನಿಗೆ ಹತ್ತರಲ್ಲೊಂದು ಭಾಗದಷ್ಟು ಪವರ್ ಇಲ್ಲೇ ಕಮ್ಮಿ.

ಅದೇ ತಿರುವು 5.12ರಲ್ಲಿ ಬೇರೇನೇ ಕಾರು. 45ರಲ್ಲಿ ಸೆಕೆಂಡ್ ಗೇರು 4130, ಟಾರ್ಕು ಅಲ್ಲೇ ಕಾಯ್ತಿರತ್ತೆ, ಒತ್ತಿದ ತಕ್ಷಣ ಹಿಂದಿನ ಟೈರಿಗೆ ಹೋಗಿ ತಲುಪತ್ತೆ, ಆ ಖುಷಿಗೇ ಅಲ್ವಾ ಇಷ್ಟು ಕಷ್ಟಪಟ್ಟು ಕಾರು ಕಟ್ಟೋದು! ಫಸ್ಟು 35ಕ್ಕೇ ಮುಗಿಯತ್ತೆ, ಹೊರಡೋಕೆ ಬಿಟ್ರೆ ಮುಟ್ಟೋದೇ ಬೇಡ, ಹಂಗಾಗಿ ಆ ಕೆಟ್ಟ ಗ್ಯಾಪು ನಾವು ಓಡಿಸೋ ಸ್ಪೀಡಿನ ಕೆಳಗೇ ಉಳ್ಕೊಳ್ಳತ್ತೆ. ಟ್ರ್ಯಾಕಲ್ಲಿ ಎರಡರಿಂದ ಐದು ಪೂರ್ತಿ ಬಳಕೆ ಆಯ್ತು, ಐದರಲ್ಲಿ 6000ಕ್ಕೆ ಲೆಕ್ಕದ ಪ್ರಕಾರ 160. 3.91ರಲ್ಲಿ ಅದೇ ಐದನೇ ಗೇರು ಕಾಗದದ ಮೇಲೆ 209 ತೋರ್ಸತ್ತೆ, ಗಾಳಿಗೆ ಗೋಡೆ ಥರ ನಿಲ್ಲೋ ಈ ಬಾಡಿ 80 ಬಿಎಚ್‌ಪಿಲಿ ಅಲ್ಲಿಗೆ ಯಾವತ್ತೂ ಮುಟ್ಟಲ್ಲ.

5.12ಗೆ ಬೆಲೆ ಕೊಡ್ಬೇಕಾಗಿದ್ದು ಗೇರ್‌ಬಾಕ್ಸಿಂದ ಆಕ್ಸಲ್‌ಗೆ ಹೋಗೋ ಪ್ರೊಪೆಲ್ಲರ್ ಶಾಫ್ಟಲ್ಲಿ. 120ರಲ್ಲಿ ಶಾಫ್ಟು 5600 ದಾಟಿ ಸುತ್ತತ್ತೆ, 3.91ರಲ್ಲಿ 4300 ಅಷ್ಟೇ ಇತ್ತು. ಟ್ರಾನ್ಸ್‌ಫರ್ ಕೇಸ್ ಇಲ್ಲದ್ದಕ್ಕೆ ಒಂದೇ ತುಂಡಿನ ಉದ್ದ ಶಾಫ್ಟ್ ಹಾಕಿದ್ವಿ, 110 ದಾಟ್ತಿದ್ದಂಗೆ ಸೀಟೇ ನಡುಗೋದು. ಎರಡು ತುಂಡು ಮಾಡ್ಸಿ ನಡುವೆ ಸೆಂಟರ್ ಬೇರಿಂಗ್ ಕೂರ್ಸಿ ಬ್ಯಾಲೆನ್ಸ್ ಮಾಡ್ಸಿದ್ಮೇಲೆ ಸರಿಹೋಯ್ತು, ಈ ಖರ್ಚು ಮೊದ್ಲೇ ಲೆಕ್ಕಕ್ಕೆ ಹಿಡ್ಕೊಳ್ಳಿ. ನಡುಗೋ ಶಾಫ್ಟ್ ಇಟ್ಕೊಂಡು ಯಾರೂ ಓಡಿಸ್ಬೇಡಿ, ಅದು ಇರೋದು ನಿಮ್ಮ ಮೊಣಕೈ ಪಕ್ಕದಲ್ಲೇ. ಎಂಟು ಹಲ್ಲಿನ ಪಿನಿಯನ್ ಸಣ್ಣದು, ಹಲ್ಲುಗಳ ಮೇಲಿನ ಒತ್ತಡ ತಡೆಯೋ ಜಿಎಲ್-5 ಗ್ರೇಡಿನ ಗೇರ್ ಆಯಿಲ್ಲೇ ಹಾಕ್ಬೇಕು.

ನಮ್ಮ ಕಾರಲ್ಲಿ 5.12 ಉಳ್ಕೊಂಡಿದೆ. ನಿಮ್ಮದು ಬರೀ ನೇರ ರಸ್ತೇಲಿ ಆರಾಮಾಗಿ ಓಡೋ ಕಾರಾದ್ರೆ 3.91 ತೆಗೀಬೇಡಿ, ಆದ್ರೆ ಯಾವ್ದೇ ತಗೊಳ್ಳೋ ಮುಂಚೆ ನಿಮ್ಮ ಅತಿ ನಿಧಾನದ ತಿರುವಿನಿಂದ ಎಷ್ಟು ಸ್ಪೀಡಲ್ಲಿ ಹೊರಗೆ ಬರ್ತೀರ ಅಂತ ಜಿಪಿಎಸ್‌ನಲ್ಲಿ ಅಳೆದು, ಆ ಸ್ಪೀಡಿಗೆ ಸೆಕೆಂಡ್ ಗೇರಿನ ಆರ್‌ಪಿಎಂ 4000ದ ಮೇಲಿರತ್ತಾ ನೋಡ್ಕೊಳ್ಳಿ.