33 ಇಂಚಿನ ಟೈರಿನ ಹಳೆಯ ಟೊಯೋಟಾ ಪಿಕಪ್‌ಗೆ 4.88 ಕ್ರೌನ್-ಪಿನಿಯನ್: ಯಾರಿಗೆ ಸರಿ, ಯಾರಿಗೆ ಸಾಲದು

ಅಮೆರಿಕದಲ್ಲಿ ಇವತ್ತಿಗೂ ಓಡುತ್ತಿರುವ 1986ರಿಂದ 1995ರ ನಡುವಿನ ಟೊಯೋಟಾ ಫೋರ್-ವೀಲ್ ಪಿಕಪ್‌ಗಳಿಗೆ ಮೊದಲು ಬೀಳುವ ಖರ್ಚು ದೊಡ್ಡ ಟೈರಿನದು. ಟೈರ್ ಹಾಕಿದ ಮೇಲೆ ಗಾಡಿ ಏದುಸಿರು ಬಿಡತೊಡಗುತ್ತದೆ, ಆಗ ಎಲ್ಲರೂ ಎಂಜಿನ್‌ನ ಮೇಲೆ ಅನುಮಾನಪಡುತ್ತಾರೆ. ಪ್ಲಗ್, ಫಿಲ್ಟರ್, ಎಕ್ಸಾಸ್ಟ್ ಎಲ್ಲ ಬದಲಾಗುತ್ತವೆ, ಏರು ಮಾತ್ರ ಹತ್ತುವುದಿಲ್ಲ. 2.4 ಲೀಟರಿನ 22ಆರ್‌ಇ ಎಂಜಿನ್ನು ಸುಮಾರು 116 ಕುದುರೆ ಶಕ್ತಿಯದು. ಅದಕ್ಕೆ ಬೇಕಾದದ್ದು ಹೊಸ ಎಕ್ಸಾಸ್ಟ್ ಅಲ್ಲ, ಆಕ್ಸಲ್‌ನಲ್ಲಿ ಸರಿಯಾದ ಕ್ರೌನ್-ಪಿನಿಯನ್, ಅಂದರೆ ಚಕ್ರಗಳಿಗೆ ಶಕ್ತಿ ದಾಟಿಸುವ ಕೊನೆಯ ಹಲ್ಲುಚಕ್ರಗಳ ಜೋಡಿ. ಐದು ಗೇರಿನ ಮ್ಯಾನ್ಯುಯಲ್ ಗಾಡಿಗೆ 33 ಇಂಚಿನ ಟೈರ್ ಹಾಕಿದ್ದರೆ 4.88 ಸೆಟ್ (ಚಕ್ರದ ಒಂದು ಸುತ್ತಿಗೆ ಪಿನಿಯನ್ 4.88 ಸುತ್ತು ತಿರುಗುವ ಅನುಪಾತ) ನಿಶ್ಚಿಂತೆಯಿಂದ ಕೊಳ್ಳಬಹುದು. ಬೇರೆ ಸಂದರ್ಭದಲ್ಲಿ ಏನು ಎಂಬುದನ್ನು ಮುಂದೆ ನೋಡೋಣ.

ಮೊದಲು ಲೆಕ್ಕ. ಹೊಸ ಟೈರಿನ ವ್ಯಾಸವನ್ನು ಹಳೆಯದರ ವ್ಯಾಸದಿಂದ ಭಾಗಿಸಿ, ಈಗಿರುವ ಅನುಪಾತದಿಂದ ಗುಣಿಸಬೇಕು. 225/75ಆರ್15 ಟೈರಿನ ವ್ಯಾಸ 28.3 ಇಂಚು, ಮ್ಯಾನ್ಯುಯಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅನುಪಾತ 4.10. ಅದಕ್ಕೆ 33 ಇಂಚು ಹಾಕಿದರೆ 4.10 × 33 ÷ 28.3 = 4.78. ಇದನ್ನೇ ತಿರುಗಿಸಿ ನೋಡಿದರೆ ತೊಂದರೆ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಆಕ್ಸಲ್ ಮುಟ್ಟದೆ ಟೈರ್ ಮಾತ್ರ ಬದಲಿಸಿದರೆ ಗಾಡಿಯಲ್ಲಿ 3.52ರ ಗೇರ್ ಇದ್ದಂತೆ ಆಗುತ್ತದೆ. ಆಗ ನಾಲ್ಕನೇ ಗೇರ್ ಹೆಚ್ಚುಕಡಿಮೆ ಹಳೆಯ ಐದನೇ ಗೇರಿನ ಕೆಲಸ ಮಾಡುತ್ತದೆ, ನಿಜವಾದ ಐದನೇ ಗೇರ್ ಇಳಿಜಾರಿಗೆ ಮಾತ್ರ ಉಪಯೋಗ. ದೊಡ್ಡ ಟೈರ್ ಹಾಕಿದವರೆಲ್ಲ ನಾಲ್ಕರಲ್ಲೇ ಹೈವೇ ಓಡಿಸುವುದು ಇದಕ್ಕೇ.

ಇಲ್ಲಿ ಒಂದು ಎಚ್ಚರ. ಟೈರಿನ ಮೇಲೆ 33 ಎಂದು ಬರೆದಿದ್ದರೂ ಗಾಡಿಯ ಭಾರಕ್ಕೆ ಅದು ಕುಗ್ಗಿರುತ್ತದೆ. ಗಾಳಿ ಸರಿಯಾಗಿ ತುಂಬಿಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಗಾಡಿಯನ್ನು ನೇರವಾಗಿ ಮೂರು ಸುತ್ತು ಉರುಳಿಸಿ, ದೂರ ಅಳೆಯಿರಿ. ಅದನ್ನು ಮೂರರಿಂದಲೂ ಆಮೇಲೆ 3.1416ರಿಂದಲೂ ಭಾಗಿಸಿದರೆ ಬರುವುದೇ ನಿಜವಾದ ವ್ಯಾಸ. ಬೇರೆ ಬೇರೆ ಕಂಪನಿಯ ಟೈರ್ ಹೋಲಿಸುವಾಗ ಈ ಅಳತೆಯನ್ನೇ ನಂಬಿ.

4.78 ಬೇಕಾದಾಗ ಅಂಗಡಿಯಲ್ಲಿ ಸಿಗುವುದು 4.56, 4.88, 5.29. ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್ ವೇಗದಲ್ಲಿ ಐದನೇ ಗೇರಿನ ಆರ್‌ಪಿಎಂ ನೋಡಿ (ಐದನೇ ಗೇರಿನ ಅನುಪಾತ 0.85). ಫ್ಯಾಕ್ಟರಿ ಟೈರಿನಲ್ಲಿ ಸುಮಾರು 2,690 ಇತ್ತು. 33 ಇಂಚಿನಲ್ಲಿ 4.10 ಹಾಗೇ ಬಿಟ್ಟರೆ 2,310ಕ್ಕೆ ಕುಸಿಯುತ್ತದೆ. 4.56ಕ್ಕೆ 2,565, 4.88ಕ್ಕೆ 2,745, 5.29ಕ್ಕೆ 2,975. ಈ ಎಂಜಿನ್ ಅತಿ ಹೆಚ್ಚು ಟಾರ್ಕ್ ಕೊಡುವುದು 2,800ರ ಹತ್ತಿರ. 4.88 ಸೂಜಿಯನ್ನು ಅಲ್ಲಿಗೇ ತಂದು ನಿಲ್ಲಿಸುತ್ತದೆ.

4.56ನ್ನು ನಾವು ಶಿಫಾರಸು ಮಾಡುವುದಿಲ್ಲ. ಲೆಕ್ಕ ಹಳೆಯ ಸ್ಥಿತಿಗೆ ಮಾತ್ರ ಮರಳಿಸುತ್ತದೆ, 4.56 ಅಷ್ಟನ್ನೂ ಪೂರ್ತಿ ಮರಳಿಸುವುದಿಲ್ಲ. ಅದರ ಮೇಲೆ ದೊಡ್ಡ ಟೈರಿನ ತೂಕ, ಎತ್ತರಿಸಿದ ಗಾಡಿಗೆ ಹೆಚ್ಚು ಬಡಿಯುವ ಗಾಳಿ, ಇವು ಯಾವುದೂ ಆ ಸೂತ್ರದಲ್ಲಿ ಇಲ್ಲ. ಕೂಲಿ ಮೂರಕ್ಕೂ ಒಂದೇ. ಅಷ್ಟು ಕೂಲಿ ಕೊಟ್ಟು ಅರ್ಧ ಗುಣ ಪಡೆಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎರಡು ಅನುಪಾತಗಳ ನಡುವೆ ಉತ್ತರ ಬಂದರೆ, ಶಕ್ತಿ ಕಡಿಮೆಯಿರುವ ಎಂಜಿನ್‌ಗೆ ಯಾವಾಗಲೂ ದೊಡ್ಡ ಸಂಖ್ಯೆಯನ್ನೇ ಆರಿಸಿ.

ಹಾಗಾದರೆ 5.29 ಯಾರಿಗೆ? 35 ಇಂಚಿನ ಟೈರಿನವರಿಗೆ (ಲೆಕ್ಕ 5.07 ಬರುತ್ತದೆ), ಹಿಂದೆ ಸದಾ ಭಾರ ಹೊರುವವರಿಗೆ, ಆಟೋಮ್ಯಾಟಿಕ್ ಇರುವವರಿಗೆ. ಆಟೋಮ್ಯಾಟಿಕ್‌ನ ಕೊನೆಯ ಗೇರಾದ ಓವರ್‌ಡ್ರೈವ್ ಸುಮಾರು 0.70 ಇರುವುದರಿಂದ 33 ಇಂಚಿನಲ್ಲಿ 5.29 ಹಾಕಿದರೂ 65 ಮೈಲಿಯಲ್ಲಿ 2,450ರ ಆಸುಪಾಸೇ. ಕೊಲೊರಾಡೊದಂಥ ಎತ್ತರದ ಜಾಗದವರೂ ಇದನ್ನು ಯೋಚಿಸಬೇಕು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ, ಅಲ್ಲಿಗೆ ತಲುಪುವಷ್ಟರಲ್ಲಿ ಮೂರನೇ ಒಂದು ಭಾಗ ಹೋಗಿರುತ್ತದೆ. ಆದರೆ 33 ಇಂಚು, ಮ್ಯಾನ್ಯುಯಲ್, ದಿನಾ 75 ಮೈಲಿ ವೇಗದ ಹೈವೇ ಓಟ ಎಂದಾದರೆ 5.29 ಬೇಡ. ಆರ್‌ಪಿಎಂ 3,400 ದಾಟುತ್ತದೆ, ಗಾಡಿಯಲ್ಲಿ ಮಾತಾಡುವುದೂ ಕಷ್ಟ.

ಬಲದ ಮಾತೂ ಇದೆ. 4.10ರಲ್ಲಿ ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10. 4.88ರಲ್ಲಿ 39 ಮತ್ತು 8. 5.29ರಲ್ಲಿ 37 ಮತ್ತು 7. ಪಿನಿಯನ್ ತಲೆ ಸಣ್ಣದಾದಷ್ಟೂ ಒಂದೊಂದು ಹಲ್ಲಿನ ಮೇಲೆ ಬೀಳುವ ಹೊರೆ ಹೆಚ್ಚು. ಹಿಂದಿನ 8 ಇಂಚಿನ (ಇದು ಕ್ರೌನಿನ ವ್ಯಾಸ) ಆಕ್ಸಲ್ 5.29ನ್ನು ಚೆನ್ನಾಗಿಯೇ ತಡೆಯುತ್ತದೆ, ಮುಂದಿನ 7.5 ಇಂಚಿನದರ ಬಗ್ಗೆ ಅಷ್ಟು ಧೈರ್ಯ ಹೇಳಲಾಗದು.

ಈಗ ಗಾಡಿಯಲ್ಲಿ ಯಾವ ಅನುಪಾತ ಇದೆಯೆಂದು ತಿಳಿಯಲು ಈ ಹಲ್ಲಿನ ಎಣಿಕೆ ಕೊಳ್ಳುವ ಮೊದಲೂ ಬೇಕು. ಬಾಗಿಲ ಬಳಿಯ ಫಲಕದ ಆಕ್ಸಲ್ ಕೋಡ್ ಫ್ಯಾಕ್ಟರಿಯಿಂದ ಬಂದಾಗ ಏನಿತ್ತೆಂದು ಹೇಳುತ್ತದೆಯೇ ಹೊರತು, ಮೂವತ್ತು ವರ್ಷಗಳಲ್ಲಿ ಯಾರು ಏನು ಬದಲಿಸಿದರೆಂದು ಹೇಳುವುದಿಲ್ಲ. ಜತೆಗೆ, ನಾಲ್ಕು ಸಿಲಿಂಡರಿನ ಗಾಡಿಯ ಡಿಫರೆನ್ಷಿಯಲ್‌ಗೂ (ಕ್ರೌನ್-ಪಿನಿಯನ್ ಕೂರುವ ಘಟಕ) ವಿ6 ಅಥವಾ ಟರ್ಬೊ ಗಾಡಿಯದಕ್ಕೂ ಪಿನಿಯನ್ ಬೇರಿಂಗ್ ಬೇರೆ. ಸೆಟ್ ಆರ್ಡರ್ ಮಾಡುವಾಗ ಇದನ್ನು ಹೇಳದಿದ್ದರೆ ತಪ್ಪು ಪೆಟ್ಟಿಗೆ ಮನೆಗೆ ಬರುತ್ತದೆ. ಎರಡೂ ಬದಿಯ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಲಾಕರ್ ಹಾಕುವ ಆಸೆಯಿದ್ದರೆ ಈಗಲೇ ಕೊಂಡು ಒಟ್ಟಿಗೇ ಜೋಡಿಸಿ, ಇಲ್ಲವಾದರೆ ಅದೇ ಕೂಲಿ ಎರಡನೇ ಸಲ. ಇನ್ನೊಂದು ಅನುಕೂಲವೆಂದರೆ ಈ 8 ಇಂಚಿನದರಲ್ಲಿ ಅನುಪಾತ ಬದಲಿಸಲು ಕ್ಯಾರಿಯರ್ (ಕ್ರೌನನ್ನು ಹೊತ್ತಿರುವ ಭಾಗ) ಬದಲಿಸಬೇಕಿಲ್ಲ. ಡಾನಾ 44 ಆಕ್ಸಲ್‌ನ ಫೋರ್ಡ್, ಜೀಪ್ ಇರುವವರಿಗೆ ಈ ಭಾಗ್ಯವಿಲ್ಲ: 3.73ರಿಂದ 3.92 ಅಥವಾ ಮೇಲಕ್ಕೆ ಹೋಗುವಾಗ ಕ್ಯಾರಿಯರ್ ಖರ್ಚೂ ಸೇರಿಸಿಕೊಳ್ಳಬೇಕು.

ಮುಂದಿನ, ಹಿಂದಿನ ಎರಡೂ ಆಕ್ಸಲ್ ಬದಲಾಗಲೇಬೇಕು. ದುಡ್ಡು ಉಳಿಸಲು ಹಿಂದಿನದನ್ನು ಮಾತ್ರ ಮಾಡಿಸಿದರೆ ಫೋರ್-ವೀಲ್ ಹಾಕಿದ ಕೂಡಲೇ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಹಿಂದಿನದು ಸುಲಭ. ಡಿಫರೆನ್ಷಿಯಲ್ ಇಡಿಯಾಗಿ ಮುಂಭಾಗದಿಂದ ಹೊರಬರುತ್ತದೆ. ಆಯಿಲ್ ಇಳಿಸಿ, ಬ್ರೇಕ್ ಪೈಪ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಬಿಚ್ಚಿ, ಎರಡೂ ಆಕ್ಸಲ್ ಶಾಫ್ಟ್‌ಗಳನ್ನು ಹೊರಗೆಳೆದು, ಪ್ರೊಪೆಲ್ಲರ್ ಶಾಫ್ಟ್ ಕಳಚಿದರೆ ಉಳಿಯುವುದು ಸುತ್ತಲಿನ ನಟ್‌ಗಳು. ಮನೆಯ ಮುಂದೆಯೇ ಬಿಚ್ಚಿ, ಡಿಫರೆನ್ಷಿಯಲ್ ಮಾತ್ರ ಗ್ಯಾರೇಜಿಗೆ ಒಯ್ದು ಕೊಟ್ಟರೆ ಕೂಲಿ ಬಹಳ ಉಳಿಯುತ್ತದೆ. ಸ್ವತಂತ್ರ ಸಸ್ಪೆನ್ಷನ್ ಇರುವ ಮುಂಭಾಗ ಹಾಗಲ್ಲ, ಸಿವಿ ಶಾಫ್ಟ್‌ಗಳನ್ನು ಬಿಚ್ಚಿ ಇಡೀ ಘಟಕವನ್ನೇ ಕೆಳಗಿಳಿಸಬೇಕು.

ಸೆಟ್ಟಿನ ಗುಣಕ್ಕಿಂತ ಜೋಡಿಸುವ ಕೈಯ ಗುಣವೇ ಇಲ್ಲಿ ಮುಖ್ಯ. ನೈಟ್ರೋ, ಯೂಕಾನ್ ಎರಡೂ ಕಂಪನಿಗಳು 4.88 ಮಾಡುತ್ತವೆ. ಯಾವುದೇ ಕೊಂಡರೂ ಜತೆಗೆ ಹೊಸ ಬೇರಿಂಗ್, ಸೀಲ್, ಶಿಮ್ (ಅಂತರ ಸರಿಪಡಿಸುವ ತೆಳು ಬಿಲ್ಲೆ) ಇರುವ ಪೂರ್ತಿ ಕಿಟ್ ತೆಗೆದುಕೊಳ್ಳಿ. ಕ್ರೌನನ್ನು ಕುದಿಯುವ ನೀರಿನಲ್ಲಿ ಬಿಸಿ ಮಾಡಿದರೆ ಅದು ಹಿಗ್ಗಿ ಕ್ಯಾರಿಯರ್ ಮೇಲೆ ತಾನಾಗಿ ಕೂರುತ್ತದೆ. ಬೋಲ್ಟ್ ಹಾಕಿ ಎಳೆದು ಕೂರಿಸಿದರೆ ಓರೆಯಾಗುತ್ತದೆ. ನೀರು ಪೂರ್ತಿ ಒರೆಸಿ, ಆರಿದ ಮೇಲೆ ಬೋಲ್ಟ್‌ಗಳಿಗೆ ಥ್ರೆಡ್‌ಲಾಕರ್ ಹಚ್ಚಿ, ಎದುರುಬದುರಾಗಿ ಬಿಗಿಯುತ್ತ 97 ನ್ಯೂಟನ್-ಮೀಟರಿಗೆ ತನ್ನಿ. ಬ್ಯಾಕ್‌ಲ್ಯಾಷ್, ಅಂದರೆ ಹಲ್ಲುಗಳ ನಡುವಿನ ಸಡಿಲ, 0.13ರಿಂದ 0.18 ಮಿಲಿಮೀಟರ್ ಇರಬೇಕು, ಅದನ್ನು ಕೈಯಂದಾಜಿನಲ್ಲಿ ಅಲ್ಲ, ಡಯಲ್ ಗೇಜ್ ಇಟ್ಟು ಮೂರು-ನಾಲ್ಕು ಕಡೆ ನೋಡಬೇಕು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ತುದಿಯತ್ತ ಬಿದ್ದರೆ ಪಿನಿಯನ್ ದೂರವಿದೆ, ದಪ್ಪ ಶಿಮ್ ಬೇಕು. ಬುಡದತ್ತ ಬಿದ್ದರೆ ತೆಳು ಶಿಮ್. ಆ ಗುರುತಿನ ಫೋಟೊ ಕೇಳಿ ಪಡೆಯಿರಿ. ಕೊಡಲಾಗದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಪಿನಿಯನ್‌ನ ಎರಡು ಬೇರಿಂಗ್‌ಗಳ ನಡುವಿನ ಕ್ರಶ್ ಸ್ಲೀವ್ (ನಟ್ ಬಿಗಿದಂತೆ ಜಜ್ಜಿಕೊಳ್ಳುವ ಲೋಹದ ಕೊಳವೆ) ಒಮ್ಮೆ ಹೆಚ್ಚು ಜಜ್ಜಿಹೋದರೆ ಮುಗಿಯಿತು. ನಟ್ ಸಡಿಲಿಸಿ ಸರಿದೂಗಿಸಿದರೆ ಬೇರಿಂಗ್‌ನ ಬಿಗಿತ (ಪ್ರೀಲೋಡ್) ನಿಲ್ಲದೆ ಕೆಲವೇ ತಿಂಗಳಲ್ಲಿ ಕೂಗು ಶುರುವಾಗುತ್ತದೆ. ಅದರ ಬದಲು ಶಿಮ್ ಸಮೇತ ಬರುವ ಗಟ್ಟಿ ಸ್ಪೇಸರ್ ಹಾಕಿಸಿ. ಕಲ್ಲುದಾರಿಯಲ್ಲಿ ಓಡಿಸುವವರಿಗೆ ಇದು ಬೇಕೇ ಬೇಕು.

ಹೊಸ ಗೇರ್‌ಗಳನ್ನು ಕೆಡಿಸುವುದು ಬಿಸಿ. ಮೊದಲ ಸಲ 15-20 ಮೈಲಿ ಮೆತ್ತಗೆ ಓಡಿಸಿ, ಹೌಸಿಂಗ್ ಕೈ ಮುಟ್ಟುವಷ್ಟು ಆರುವವರೆಗೆ ನಿಲ್ಲಿಸಿ. 500 ಮೈಲಿವರೆಗೆ ಟ್ರೇಲರ್ ಎಳೆಯಬೇಡಿ. ಆಮೇಲೆ ಜಿಎಲ್-5 ದರ್ಜೆಯ ಆಯಿಲ್ ಪೂರ್ತಿ ಬದಲಿಸಿ. ಇಳಿಸಿದ ಆಯಿಲಿನಲ್ಲಿ ನುಣುಪಾದ ಬೂದು ಪುಡಿ ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಗಾಡಿ ಓಡಿಸದೆ ಮತ್ತೆ ಬಿಚ್ಚಿಸಿ.

ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ ಅದೂ ತಾನಾಗಿ ಸರಿಹೋಗುತ್ತದೆ. 33 ಇಂಚು ಮತ್ತು 4.10ರಲ್ಲಿ ನಿಜವಾದ 65 ಮೈಲಿಯನ್ನು 56 ಎಂದು ತೋರಿಸುತ್ತಿದ್ದದ್ದು, 4.88 ಹಾಕಿದ ಮೇಲೆ 66 ತೋರಿಸುತ್ತದೆ. ಬ್ರೇಕಿಗೆ ಮಾತ್ರ ಈ ಸೆಟ್ಟಿನಿಂದ ಯಾವ ಸಹಾಯವೂ ಇಲ್ಲ. ದೊಡ್ಡ ಟೈರ್ ನಿಲ್ಲಿಸುವ ಹೊರೆ ಹಾಗೇ ಉಳಿಯುತ್ತದೆ, ಹಿಂದಿನ ಡ್ರಮ್ ಹೇಗೂ ಬಿಚ್ಚಿರುವಾಗ ಲೈನಿಂಗ್ ಮತ್ತು ವೀಲ್ ಸಿಲಿಂಡರ್ ನೋಡಿಸಿ.