ಆಟೋರನ್ಸ್: ಹೇಳದೇ ಕೇಳದೇ ಬಂದು ಕೂತ ಅಪ್‌ಡೇಟರ್‌ಗಳಿಗೆ ಮದ್ದು

ವಿಂಡೋಸ್ ಕಂಪ್ಯೂಟರ್‌ನಲ್ಲಿ ತಾವಾಗಿಯೇ ಶುರುವಾಗುವ ತಂತ್ರಾಂಶಗಳನ್ನೆಲ್ಲ ತೋರಿಸಿ, ಬೇಡದ್ದನ್ನು ನಿಲ್ಲಿಸಲು ಬಿಡುವ ತಂತ್ರಾಂಶ ಆಟೋರನ್ಸ್. ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅನ್ನೋದು ಕೆಳಗಿದೆ.

ನನ್ನದು ಸಾಗರದಲ್ಲಿ ಒಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಮದುವೆ ಕಾರ್ಡು, ಕರಪತ್ರ, ಪಹಣಿ ಪ್ರಿಂಟು, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ಎಲ್ಲ ಇಲ್ಲೇ ಆಗುತ್ತದೆ. ಮೂರು ಕಂಪ್ಯೂಟರ್ ಇವೆ. ಎರಡರಲ್ಲಿ 4 ಜಿಬಿ ರ್‍ಯಾಮ್, ಹಳೇ ಕಾಲದ ಹಾರ್ಡ್ ಡಿಸ್ಕ್. ಹೊಸದು ತಗೊಳ್ಳಿ ಅನ್ನಬೇಡಿ, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದಕ್ಕೆ ಇಷ್ಟು ಧಾರಾಳ ಸಾಕು. ತೊಂದರೆ ಇದ್ದದ್ದು ಬೆಳಿಗ್ಗೆ ಹೊತ್ತು. ಪವರ್ ಬಟನ್ ಒತ್ತಿ, ಅಂಗಡಿ ಗುಡಿಸಿ, ಊದುಬತ್ತಿ ಹಚ್ಚಿ ಬಂದರೂ ಡಿಸ್ಕಿನ ಲೈಟು ಮಿನುಗುತ್ತಲೇ ಇರುತ್ತಿತ್ತು. ಮೌಸ್ ಒಂದು ಕಡೆ, ಬಾಣ ಇನ್ನೊಂದು ಕಡೆ. ಎದುರಿಗೆ ಜೂನ್ ತಿಂಗಳ ಶಾಲೆ ಅಡ್ಮಿಷನ್ ಕ್ಯೂ.

ವೈರಸ್ ಇರಬೇಕು ಅಂತ ನೋಡಿದವರೆಲ್ಲ ಹೇಳಿದರು. ಆಂಟಿವೈರಸ್‌ಗೆ ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಒಳಗೆ ಕೂತಿದ್ದವೆಲ್ಲ ದೊಡ್ಡ ದೊಡ್ಡ ಕಂಪನಿಗಳ ಅಸಲಿ ಅಪ್‌ಡೇಟರ್‌ಗಳು, ಅಂದರೆ ಹೊಸ ಆವೃತ್ತಿ ಬಂದಿದೆಯಾ ಅಂತ ನೋಡಿ ಇಳಿಸಿಕೊಳ್ಳುವ ಸಣ್ಣ ತಂತ್ರಾಂಶಗಳು. ಪಿಡಿಎಫ್ ಓದುವ ತಂತ್ರಾಂಶಕ್ಕೆ ಒಂದು. ವಿಡಿಯೋ ಪ್ಲೇಯರ್‌ಗೆ ಒಂದು. ಪ್ರಿಂಟರ್‌ಗಂತೂ ಮೂರು: ಹೊಸ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಬಂದಿದೆಯಾ ಅಂತ ನೋಡುವುದು, ಇಂಕ್ ಮುಗಿಯುತ್ತಿದೆ ಕೊಳ್ಳಿ ಅನ್ನುವುದು, ನಾವು ಪ್ರಿಂಟರನ್ನು ಹೇಗೆ ಬಳಸುತ್ತಿದ್ದೇವೆ ಅಂತ ಕಂಪನಿಗೆ ವರದಿ ಒಪ್ಪಿಸುವುದು. ನಾನು ಕೇಳಿದ್ದು ಡ್ರೈವರ್ ಒಂದನ್ನೇ. ಊಟಕ್ಕೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬಂದು ಉಳಿದುಕೊಂಡ ಹಾಗಾಯಿತು. ಇವೆಲ್ಲದರ ಜೊತೆ ಇನ್ನೊಂದು ಪುಕ್ಕಟೆ ತಂತ್ರಾಂಶದ ಬೆನ್ನೇರಿ ಬಂದ ‘ಡ್ರೈವರ್ ಅಪ್‌ಡೇಟರ್’. ನಿಮ್ಮ ಡ್ರೈವರ್‌ಗಳು ಹಳೆಯದಾಗಿವೆ ಅಂತ ಕೆಂಪು ಅಕ್ಷರದಲ್ಲಿ ಹೆದರಿಸಿ, ಸರಿ ಮಾಡಲು ದುಡ್ಡು ಕೇಳುತ್ತದೆ. ಇದಕ್ಕೆ ಮಾತ್ರ ನನ್ನ ಹತ್ತಿರ ಒಂದೂ ಒಳ್ಳೆಯ ಮಾತಿಲ್ಲ.

ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹೋದರೆ ನಮಗೆ ಮೊಬೈಲ್ ಹಾಟ್‌ಸ್ಪಾಟೇ ಗತಿ. ದಿನಕ್ಕೆ 1.5 ಜಿಬಿ ಪ್ಯಾಕ್. ಅಂಗಡಿ ತೆಗೆದು ಗಂಟೆಯೊಳಗೆ ಅರ್ಧ ಖಾಲಿ. ‘ಅಕ್ಕಾ, ನಾನು ವಿಡಿಯೋ ನೋಡಿಲ್ಲ, ದೇವರಾಣೆ’ ಅನ್ನುತ್ತಿದ್ದ ನಮ್ಮ ಹುಡುಗ. ಪಾಪ, ನಿಜವಾಗಿಯೂ ನೋಡಿರಲಿಲ್ಲ. ಡೇಟಾ ತಿನ್ನುತ್ತಿದ್ದದ್ದು ಈ ಅಪ್‌ಡೇಟರ್‌ಗಳು.

ಈ ಚಾಳಿ ಇವತ್ತಿನದಲ್ಲ. 2008ರಲ್ಲಿ ಆಪಲ್ ಕಂಪನಿ, ವಿಂಡೋಸ್‌ನಲ್ಲಿ ಹಾಡು ಕೇಳುವ ಐಟ್ಯೂನ್ಸ್ ಹಾಕಿಕೊಂಡವರ ಮುಂದೆ ಅಪ್‌ಡೇಟ್ ಕಿಟಕಿಯಲ್ಲೇ ಸಫಾರಿ ಬ್ರೌಸರನ್ನೂ ತಂದಿಟ್ಟಿತು. ಅವರ ಕಂಪ್ಯೂಟರ್‌ನಲ್ಲಿ ಸಫಾರಿ ಇರಲೇ ಇಲ್ಲ, ಆದರೂ ಟಿಕ್ ಮೊದಲೇ ಬಿದ್ದಿತ್ತು. ಆಗ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಮುಖ್ಯಸ್ಥರಾಗಿದ್ದ ಜಾನ್ ಲಿಲ್ಲಿ ಬಹಿರಂಗವಾಗಿಯೇ ಆಕ್ಷೇಪ ಎತ್ತಿದರು. ಗಲಾಟೆಯಾದ ಮೇಲೆ ಆಪಲ್ ಅಪ್‌ಡೇಟ್‌ಗಳನ್ನು ಒಂದು ಕಡೆ, ಹೊಸ ತಂತ್ರಾಂಶಗಳನ್ನು ಇನ್ನೊಂದು ಕಡೆ ತೋರಿಸತೊಡಗಿತು. ಜಾವಾ ತಂತ್ರಾಂಶದ ಜೊತೆ ಬ್ರೌಸರ್‌ಗೆ ಅಂಟಿಕೊಳ್ಳುವ ಆಸ್ಕ್ ಟೂಲ್‌ಬಾರ್ ಬರುತ್ತಿದ್ದದ್ದು ಹಳೆಯ ಸೈಬರ್ ಸೆಂಟರ್‌ನವರಿಗೆಲ್ಲ ನೆನಪಿರಬೇಕು. ಭದ್ರತೆಗಾಗಿ ಅಪ್‌ಡೇಟ್ ಮಾಡಿಕೊಳ್ಳಿ ಅಂತ ಹೇಳಿ, ಅದೇ ಅಪ್‌ಡೇಟ್‌ನಲ್ಲಿ ಟೂಲ್‌ಬಾರ್ ತುರುಕುತ್ತಿದ್ದರು. ಇದರಿಂದಾದ ದೊಡ್ಡ ನಷ್ಟ ಅಂದರೆ, ಜನ ಅಪ್‌ಡೇಟ್ ಅಂದರೇನೇ ‘ಬೇಡ’ ಒತ್ತುವುದನ್ನು ಕಲಿತರು.

ಈಗ ಆಟೋರನ್ಸ್ ವಿಷಯ. ಇದು ಸಿಸ್‌ಇಂಟರ್ನಲ್ಸ್ ಅನ್ನುವ ವಿಂಡೋಸ್ ಉಪಕರಣಗಳ ಬಳಗದ ತಂತ್ರಾಂಶ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಶುರು ಮಾಡಿದ್ದು, 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಪೂರ್ತಿ ಉಚಿತ. ಇನ್‌ಸ್ಟಾಲ್ ಮಾಡುವ ಗೋಜೇ ಇಲ್ಲ. ಜಿಪ್ ಬಿಡಿಸಿ ಕ್ಲಿಕ್ ಮಾಡಿದರೆ ಓಡುತ್ತದೆ. ಅದರದ್ದೇ ಅಂತ ಒಂದು ಅಪ್‌ಡೇಟರ್ ಇಲ್ಲ, ಅದೇ ನನಗೆ ಅರ್ಧ ಇಷ್ಟವಾದದ್ದು.

ಟಾಸ್ಕ್ ಮ್ಯಾನೇಜರ್‌ನಲ್ಲೇ ಸ್ಟಾರ್ಟಪ್ ಅಂತ ಇದೆಯಲ್ಲ, ಇದ್ಯಾಕೆ ಅಂತ ಕೇಳಬಹುದು. ಆ ಪಟ್ಟಿಯಲ್ಲಿ ಕಾಣುವುದು ಲಾಗಿನ್ ಆದಾಗ ಶುರುವಾಗುವಂಥವು ಮಾತ್ರ. ಜಾಣ ಅಪ್‌ಡೇಟರ್‌ಗಳು ಅಲ್ಲಿ ಇರುವುದೇ ಇಲ್ಲ. ಕೆಲವು ಸರ್ವಿಸ್ ಆಗಿ, ಅಂದರೆ ತೆರೆಮರೆಯಲ್ಲೇ ಓಡುವ ತಂತ್ರಾಂಶವಾಗಿ ಕೂರುತ್ತವೆ, ಕೆಲವು ಟಾಸ್ಕ್ ಶೆಡ್ಯೂಲರ್‌ನಲ್ಲಿ ಇಷ್ಟು ಗಂಟೆಗೊಮ್ಮೆ ನನ್ನನ್ನು ಎಬ್ಬಿಸು ಅಂತ ಬರೆಸಿಟ್ಟಿರುತ್ತವೆ. ಒಂದೇ ತಂತ್ರಾಂಶ ಎರಡೂ ಕಡೆ ಹೆಸರು ಬರೆಸಿರುವುದೂ ಉಂಟು. ಆಟೋರನ್ಸ್ ಎಲ್ಲವನ್ನೂ ಒಂದೇ ಕಡೆ ಹರವಿ ತೋರಿಸುತ್ತದೆ. ಲಾಗಾನ್, ಶೆಡ್ಯೂಲ್ಡ್ ಟಾಸ್ಕ್ಸ್, ಸರ್ವಿಸಸ್ ಈ ಮೂರು ಟ್ಯಾಬ್ ನೋಡಿದರೆ ನಮ್ಮಂಥವರಿಗೆ ಸಾಕು. ಆಪ್ಷನ್ಸ್‌ನಲ್ಲಿ ‘ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್’ ಒತ್ತಿಬಿಡಿ. ವಿಂಡೋಸ್‌ನ ಸ್ವಂತದ್ದೆಲ್ಲ ಮರೆಯಾಗಿ, ಹೊರಗಿನಿಂದ ಬಂದವು ಮಾತ್ರ ಉಳಿಯುತ್ತವೆ.

ಹಳದಿ ಬಣ್ಣದ ಸಾಲು ಕಂಡರೆ, ಫೈಲ್ ಅಲ್ಲಿಲ್ಲ ಅಂತ ಅರ್ಥ. ನಾವು ಯಾವತ್ತೋ ತೆಗೆದುಹಾಕಿದ ತಂತ್ರಾಂಶ ಬಿಟ್ಟುಹೋದ ಕಸ. ಗುಲಾಬಿ ಬಣ್ಣ ಇದ್ದರೆ ಯಾರು ಮಾಡಿದ್ದು ಅನ್ನುವ ವಿವರವೋ ಡಿಜಿಟಲ್ ಸಹಿಯೋ ಇಲ್ಲ ಅಂತ. ಗುಲಾಬಿ ಕಂಡ ಕೂಡಲೇ ಹೆದರಬೇಡಿ. ಸಣ್ಣವರು ಮಾಡಿದ ಹಳೆಯ ತಂತ್ರಾಂಶಗಳಿಗೆ ಎಷ್ಟೋ ಸಲ ಸಹಿ ಇರುವುದಿಲ್ಲ, ಹಾಗಂತ ಅವೆಲ್ಲ ಕಳ್ಳ ಅಲ್ಲ.

ಸಾಲಿನ ಎದುರಿನ ಟಿಕ್ ತೆಗೆದರೆ ಮುಂದಿನ ಸಲದಿಂದ ಅದು ತಾನಾಗಿ ಶುರುವಾಗುವುದಿಲ್ಲ, ಹಾಗಂತ ಅಳಿಸಿಹೋಗುವುದೂ ಇಲ್ಲ. ಏನಾದರೂ ಎಡವಟ್ಟಾದರೆ ವಾಪಸ್ ಟಿಕ್ ಹಾಕಿದರೆ ಆಯಿತು. ಡಿಲೀಟ್ ಅಂತಲೂ ಇದೆ, ನಾನು ಅದನ್ನು ಹಳದಿ ಸಾಲುಗಳಿಗೆ ಮಾತ್ರ ಬಳಸುತ್ತೇನೆ. ಬ್ರೌಸರ್‌ನ ಅಪ್‌ಡೇಟರ್ ಮತ್ತು ಆಂಟಿವೈರಸ್‌ನದ್ದನ್ನು ದಯವಿಟ್ಟು ಮುಟ್ಟಬೇಡಿ. ಗಿರಾಕಿಗಳ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ನಮ್ಮ ಬ್ರೌಸರ್‌ನಲ್ಲೇ ಹಾದುಹೋಗುವಾಗ ಅದು ಹಳೆಯದಾಗಿರಬಾರದು. ಡ್ರೈವರ್ಸ್ ಟ್ಯಾಬ್ ಕಡೆಗೂ ಸುಮ್ನೆ ಹೋಗಬೇಡಿ, ಕಂಪ್ಯೂಟರ್ ಏಳದೇ ಇರಬಹುದು.

ಹಾಗಾದರೆ ಉಳಿದ ಅಪ್‌ಡೇಟರ್‌ಗಳು ನಿರುಪದ್ರವಿಗಳಲ್ವಾ, ಇದ್ದರೆ ಇರಲಿ ಬಿಡಿ ಅನ್ನುವವರಿದ್ದಾರೆ. 2019ರ ಮಾರ್ಚ್‌ನಲ್ಲಿ ಆಂಟಿವೈರಸ್ ಕಂಪನಿ ಕ್ಯಾಸ್ಪರ್ಸ್ಕಿಯವರು ಬಯಲು ಮಾಡಿದ ಸುದ್ದಿ ನೋಡಿ. ಏಸುಸ್ ಕಂಪ್ಯೂಟರ್‌ಗಳ ಜೊತೆಗೇ ಬರುವ ಲೈವ್ ಅಪ್‌ಡೇಟ್ ಉಪಕರಣದೊಳಗೆ ಯಾರೋ ಕೈಯಾಡಿಸಿ, ಕಂಪನಿಯ ಅಸಲಿ ಸಹಿಯೊಂದಿಗೇ, ಗುಟ್ಟಾಗಿ ಒಳನುಗ್ಗಲು ಬಿಡುವ ಹಿಂಬಾಗಿಲು ತಂತ್ರಾಂಶ ಹಂಚಿದ್ದರು. ಒಂದೊಂದು ಅಪ್‌ಡೇಟರ್ ಕೂಡ ಹೊರಗಿನಿಂದ ಏನನ್ನಾದರೂ ತಂದು ಓಡಿಸುವ ಅಧಿಕಾರ ಇರುವ ಬಾಗಿಲು. ಬೇಕಾದ ಬಾಗಿಲು ಇರಲಿ. ಇಂಕ್ ಮಾರುವುದಕ್ಕೆ ಒಂದು ಬಾಗಿಲು ಯಾಕೆ?

ನನಗೆ ತುಂಬ ಉಪಯೋಗಕ್ಕೆ ಬಂದದ್ದು ಕಂಪೇರ್. ಹೊಸ ಪ್ರಿಂಟರ್ ಹಾಕುವ ಮೊದಲು ಈಗಿನ ಪಟ್ಟಿಯನ್ನು ಸೇವ್ ಮಾಡಿಡುತ್ತೇನೆ. ಇನ್‌ಸ್ಟಾಲ್ ಆದ ಮೇಲೆ ಹಳೆಯದರ ಜೊತೆ ಹೋಲಿಸಿದರೆ, ಹೊಸದಾಗಿ ಸೇರಿದ ಸಾಲುಗಳಿಗೆ ಬಣ್ಣ ಹಚ್ಚಿ ತೋರಿಸುತ್ತದೆ. ಯಾರು ಯಾರು ಒಳಗೆ ಬಂದರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಇನ್ನು ಆ ಒಂದು ಸ್ಟಾರ್. ಎಲ್ಲ ಇಂಗ್ಲಿಷ್, ಅದೂ ಎಂಜಿನಿಯರ್‌ಗಳ ಇಂಗ್ಲಿಷ್. ಇದು ಏನು, ತೆಗೆದರೆ ಏನಾಗುತ್ತದೆ ಅಂತ ಎಲ್ಲೂ ಹೇಳುವುದಿಲ್ಲ. ರೈಟ್ ಕ್ಲಿಕ್ ಮಾಡಿ ‘ಸರ್ಚ್ ಆನ್‌ಲೈನ್’ ಒತ್ತಿ ನಾವೇ ಹುಡುಕಿಕೊಳ್ಳಬೇಕು. ನಮ್ಮ ಹುಡುಗನ ಕೈಗೆ ಇದನ್ನು ಕೊಡುವ ಧೈರ್ಯ ನನಗಿನ್ನೂ ಬಂದಿಲ್ಲ. ಇನ್ನೊಂದು, ನಾವು ನಿಲ್ಲಿಸಿದ್ದನ್ನು ಕೆಲವು ತಂತ್ರಾಂಶಗಳು ತಮ್ಮ ಹೊಸ ಆವೃತ್ತಿ ಬಂದಾಗ ಮತ್ತೆ ಶುರು ಮಾಡಿಕೊಳ್ಳುತ್ತವೆ. ಇದು ಆಟೋರನ್ಸ್‌ನ ತಪ್ಪಲ್ಲ, ಆದರೆ ಆಗಾಗ ತೆಗೆದು ನೋಡುವ ಕೆಲಸ ತಪ್ಪುವುದಿಲ್ಲ.

ಅಪ್‌ಡೇಟರ್ ನಿಲ್ಲಿಸಿದ ಮೇಲೆ ಅಪ್‌ಡೇಟ್ ಯಾರು ಮಾಡಬೇಕು? ನಾವೇ. ವಿಂಡೋಸ್ 10 ಮತ್ತು 11ರಲ್ಲಿ, ತಂತ್ರಾಂಶಗಳನ್ನು ಹಾಕಿಕೊಳ್ಳಲು ಮತ್ತು ಹೊಸದು ಮಾಡಿಕೊಳ್ಳಲು ವಿಂಗೆಟ್ ಅಂತ ಇದೆ. ಶನಿವಾರ ಸಂಜೆ, ವೈಫೈ ಸರಿ ಇದ್ದಾಗ, ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ ‘ವಿಂಗೆಟ್ ಅಪ್‌ಗ್ರೇಡ್’ (winget upgrade) ಅಂತ ಟೈಪ್ ಮಾಡುತ್ತೇನೆ. ಯಾವುದಕ್ಕೆ ಹೊಸದು ಬಂದಿದೆ ಅಂತ ಪಟ್ಟಿ ಕೊಡುತ್ತದೆ, ಬೇಕಾದ್ದನ್ನು ಹಾಕಿಕೊಳ್ಳುತ್ತೇನೆ. ಮನೆಯ ಲ್ಯಾಪ್‌ಟಾಪ್‌ಗೆ ನಿನೈಟ್ ಅನ್ನುವ ಜಾಲತಾಣ ಇನ್ನೂ ಸುಲಭ. ಬೇಕಾದ ತಂತ್ರಾಂಶಗಳಿಗೆ ಟಿಕ್ ಹಾಕಿದರೆ, ಟೂಲ್‌ಬಾರ್ ಮತ್ತಿತರ ಜೊತೆಗಾರರಿಗೆಲ್ಲ ತಾನೇ ‘ಬೇಡ’ ಅಂದು ಹಾಕಿಕೊಡುತ್ತದೆ. ಉಚಿತ ಇರುವುದು ಮನೆ ಬಳಕೆಗೆ ಮಾತ್ರ, ಅಂಗಡಿಯವರು ಗಮನಿಸಿ.

ಆಟೋರನ್ಸನ್ನು ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಿಂದಲೇ ಇಳಿಸಿಕೊಳ್ಳಿ. ಬೇರೆ ಡೌನ್‌ಲೋಡ್ ತಾಣ ಬೇಡ. 2015ರಲ್ಲಿ ತಂತ್ರಾಂಶ ಹಂಚುವ ಸೋರ್ಸ್‌ಫೋರ್ಜ್ ತಾಣ, ಚಿತ್ರ ತಿದ್ದುವ ಗಿಂಪ್‌ನ ಇನ್‌ಸ್ಟಾಲರ್‌ಗೇ ಬೇರೆ ಜಾಹೀರಾತು ತಂತ್ರಾಂಶ ಸುತ್ತಿ ಕೊಟ್ಟು ಬೈಸಿಕೊಂಡಿತ್ತು. ಜಿಪ್ ಬಿಡಿಸಿದ ಮೇಲೆ ಆಟೋರನ್ಸ್64 ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಡಿ. ಹಾಗೆ ತೆರೆಯದಿದ್ದರೆ ಸರ್ವಿಸ್‌ಗಳ ಟಿಕ್ ತೆಗೆಯಲು ಅನುಮತಿ ಸಿಗುವುದಿಲ್ಲ.