ಸೋಲಾರ್ ಗುತ್ತಿಗೆ ವ್ಯಾಜ್ಯಕ್ಕೆ ಸರಸ್ವತಿಪುರಂನ ಸಲಹಾ ಕಚೇರಿ: ನಮ್ಮ ಅನುಭವ

ಮದ್ದೂರಿನ ನಮ್ಮ ಅಕ್ಕಿ ಗಿರಣಿಯ ಛಾವಣಿಯ ಮೇಲೆ ಹಾಕಿಸಿದ 100 ಕಿಲೋವ್ಯಾಟ್ ಸೋಲಾರ್ ಘಟಕದಿಂದ ದಿನಕ್ಕೆ ಸರಾಸರಿ 400 ಯೂನಿಟ್ ಬರಬೇಕಿತ್ತು, ಅರ್ಧವೂ ಬರಲಿಲ್ಲ. ಮುಂಗಾರಿಗೆ ಮುಂಚಿನ ಗಾಳಿಗೆ ಪ್ಯಾನೆಲ್‌ಗಳ ಒಂದು ಸಾಲು ಚೌಕಟ್ಟಿನ ಸಮೇತ ಕಿತ್ತುಬಂದಾಗ ಗುತ್ತಿಗೆದಾರರು ಹಳೆಯ ಶೀಟಿನ ಮೇಲೆ ತಪ್ಪು ಹೊರಿಸಿದರು, ನಾವು ಕೊನೆಯ ಕಂತನ್ನು ತಡೆಹಿಡಿದೆವು.

ದಾವೆ ಹೂಡಲು ಹೊರಟಿದ್ದ ನಮ್ಮನ್ನು ತಡೆದದ್ದು ಮೈಸೂರಿನ ಸರಸ್ವತಿಪುರಂನಲ್ಲಿ ವಕೀಲರೂ ಎಂಜಿನಿಯರೂ ಸೇರಿ ನಡೆಸುವ ಈ ಕಚೇರಿ. 3 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ವಾಣಿಜ್ಯ ವ್ಯಾಜ್ಯದಲ್ಲಿ, ತುರ್ತು ಮಧ್ಯಂತರ ಆದೇಶ ಬೇಕಿಲ್ಲವಾದರೆ, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನಂತೆ ಮೊದಲು ಮಧ್ಯಸ್ಥಿಕೆಗೆ, ಅಂದರೆ ಮೂರನೆಯವರ ನೆರವಿನ ರಾಜಿ ಮಾತುಕತೆಗೆ, ಹೋಗಲೇಬೇಕು. ಇದು ಕಡ್ಡಾಯವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ 3 ತಿಂಗಳ ಗಡುವಿದ್ದು, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು ಸಿಗುತ್ತದೆ, ಆ ಅವಧಿ ದಾವೆಯ ಕಾಲಮಿತಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಈ ಮಧ್ಯಸ್ಥಿಕೆ ನಡೆಸುವ ಕಾನೂನು ಸೇವಾ ಪ್ರಾಧಿಕಾರದ ಮುಂದಿಡಬೇಕಾದ ಅರ್ಜಿಯನ್ನೂ ದಾಖಲೆಗಳನ್ನೂ ಕಚೇರಿಯೇ ಅಚ್ಚುಕಟ್ಟಾಗಿ ಸಿದ್ಧಪಡಿಸಿತು.

ಆದರೆ ಕೊಟ್ಟ ಹಣ ಸಾರ್ಥಕವೆನಿಸಿದ್ದು ಎಂಜಿನಿಯರ್ ಛಾವಣಿ ಹತ್ತಿದ ಮೇಲೆ. ಶೀಟಿನ ಕೆಳಗಿನ ಕಬ್ಬಿಣದ ಪರ್ಲಿನ್ (ಶೀಟನ್ನು ಹೊರುವ ಅಡ್ಡತೊಲೆ) ತನಕ ಇಳಿಯಬೇಕಿದ್ದ ಸ್ಕ್ರೂಗಳು ಬರೀ ಶೀಟನ್ನು ಕಚ್ಚಿಕೊಂಡಿದ್ದವು. ಒಂದನ್ನು ಅವರು ಬೆರಳಿನಲ್ಲೇ ತಿರುಗಿಸಿ ತೆಗೆದು ಇಬ್ಬರಿಗೂ ತೋರಿಸಿದರು. ಇಳುವರಿ ಕುಸಿದದ್ದಕ್ಕೆ ಮಾತ್ರ ಕಾರಣ ಬೇರೆಯಿತ್ತು, ಪ್ಯಾನೆಲ್‌ಗಳ ಮೇಲೆ ಗಿರಣಿಯ ಹೊಟ್ಟಿನ ಧೂಳು ದಪ್ಪಗೆ ಕೂತಿತ್ತು, ತೊಳೆಯುವ ಹೊಣೆ ಯಾರದೆಂದು ಕರಾರಿನಲ್ಲಿ ಬರೆದೇ ಇರಲಿಲ್ಲ. ಹೀಗೆ ಎರಡು ನಷ್ಟಗಳು ಬೇರೆಬೇರೆಯಾದ ಮೇಲೆ ಮಾತು ಹಣದ ಲೆಕ್ಕಕ್ಕೆ ಇಳಿಯಿತು: ಚೌಕಟ್ಟನ್ನು ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಮರುಜೋಡಿಸುವುದು, ಪರೀಕ್ಷೆಯಾದ ಮೇಲೆ ಕಂತು ಪಾವತಿ, ಇಳುವರಿಯ ನಷ್ಟದಲ್ಲಿ ಸಮಪಾಲು. ಮಧ್ಯಸ್ಥಿಕೆಯಲ್ಲಿ ಸಹಿಯಾದ ಈ ಒಪ್ಪಂದಕ್ಕೆ ಆರ್ಬಿಟ್ರೇಷನ್ ತೀರ್ಪಿನಷ್ಟೇ (ನ್ಯಾಯಾಲಯದ ಹೊರಗೆ ಪಂಚರು ಕೊಡುವ ತೀರ್ಪು) ಬಲವಿದೆ.

ಕೊರತೆಗಳೂ ಇವೆ. ಎಂಜಿನಿಯರ್ ಭೇಟಿಯ ಶುಲ್ಕ ಪ್ರತ್ಯೇಕವೆಂದು ಮೊದಲೇ ತಿಳಿಸಲಿಲ್ಲ. ಒಪ್ಪಂದದ ಕರಡು ಇಂಗ್ಲಿಷಿನಲ್ಲಿತ್ತು, ಕನ್ನಡ ಪ್ರತಿಗೆ ಕೇಳಿಕೊಳ್ಳಬೇಕಾಯಿತು. ಎದುರಾಳಿ ಬಾರದೇ ಹೋದರೆ ಕಚೇರಿಯ ಕೈಯಲ್ಲಿ ಏನೂ ಇಲ್ಲ, ಆಗ ದಾವೆಯೇ ದಾರಿ. ಗುತ್ತಿಗೆದಾರರಿಗೆ ಬುದ್ಧಿ ಕಲಿಸಲೇಬೇಕೆಂದು ಹಟ ಹಿಡಿದವರಿಗೆ ಇಲ್ಲಿ ಸಮಾಧಾನ ಸಿಗಲಾರದು.

ಹೋಗುವವರು ಕರಾರು, ಬಿಲ್ಲುಗಳ ಜೊತೆಗೆ ಇನ್ವರ್ಟರಿನ ದಿನವಾರು ಉತ್ಪಾದನೆಯ ದಾಖಲೆಯನ್ನೂ ಒಯ್ಯಿರಿ. ಬಹಳ ಕಡೆ ಆ ದಾಖಲೆ ಸಿಗುವ ಆ್ಯಪಿನ ಪಾಸ್‌ವರ್ಡ್ ಗುತ್ತಿಗೆದಾರರ ಬಳಿಯೇ ಇರುತ್ತದೆ. ಜಗಳ ಶುರುವಾಗುವ ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.